ಸ್ಟೇಕ್-ಮೊಟ್ಟೆ ಟಾಕೋ: ಮಸಾಲೆ ಡಬ್ಬ ಮುಚ್ಚಿಡಿ, ಚಾಕು ಮಸೆದಿಡಿ

ಟೋರ್ಟಿಯಾ ಅನ್ನುವ ಮೆಕ್ಸಿಕೋದ ತೆಳು ರೊಟ್ಟಿಯಲ್ಲಿ ಮಾಂಸವೋ ಮೊಟ್ಟೆಯೋ ಇಟ್ಟು ಮಡಚಿದರೆ ಅದು ಟಾಕೋ. ಮನೆಯಲ್ಲಿ ಅದನ್ನು ಮಾಡಿ ಬೇಸರಪಟ್ಟುಕೊಂಡವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಮಾಂಸ ರಬ್ಬರ್ ಆಯ್ತು, ಯಾಕೆ? ಟೋರ್ಟಿಯಾ ಮಡಚಿದ ತಕ್ಷಣ ಹರಿದುಹೋಯ್ತಲ್ಲ? ಮೊಟ್ಟೆ ನೀರು ಬಿಟ್ಟು ಎಲ್ಲ ಒದ್ದೆಮುದ್ದೆ ಆಯ್ತು, ಏನು ಮಾಡೋದು? ಯಾರೂ ಕೇಳದ, ಆದರೆ ತಟ್ಟೆ ನೋಡಿದರೇ ಗೊತ್ತಾಗುವ ನಾಲ್ಕನೆಯ ತೊಂದರೆ ಒಂದಿದೆ. ಗರಂ ಮಸಾಲೆ, ಧನಿಯಾ ಪುಡಿ, ಅರಿಶಿನ ಎಲ್ಲ ಹಾಕಿ ಸ್ಟೇಕನ್ನು, ಅಂದರೆ ಇಡಿಯಾಗಿ ಸುಡಬೇಕಾದ ಬೀಫ್ ತುಂಡನ್ನು, ಸುಕ್ಕಾ ಮಾಡಿಬಿಟ್ಟಿರುತ್ತಾರೆ. ಸುಕ್ಕಾ ಕೆಟ್ಟದ್ದಲ್ಲ. ಆದರೆ ಅದು ಟಾಕೋ ಅಲ್ಲ.

ನಾನಿರುವುದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ಇಲ್ಲಿ ಬೆಳಗಿನ ಟಾಕೋ ಅಂದರೆ ಬೆಂಗಳೂರಿನ ದರ್ಶಿನಿಯ ಇಡ್ಲಿ-ವಡೆ ಇದ್ದ ಹಾಗೆ. ಕಾರು ನಿಲ್ಲಿಸಿ, ಕಾಗದದಲ್ಲಿ ಸುತ್ತಿದ ಎರಡು ಟಾಕೋ ಹಿಡಿದು ಆಫೀಸಿಗೆ ಓಡುತ್ತಾರೆ. ಬೆಳಗಿನ ಟಾಕೋ ಆಸ್ಟಿನ್‌ದೋ ಸ್ಯಾನ್ ಆಂಟೋನಿಯೋದ್ದೋ ಅನ್ನುವ ಜಗಳ ಎಷ್ಟು ಜೋರಾಯಿತೆಂದರೆ, 2016ರಲ್ಲಿ ಎರಡೂ ಊರಿನ ಮೇಯರ್‌ಗಳು ಕೂತು ರಾಜಿಪತ್ರಕ್ಕೆ ಸಹಿ ಹಾಕಿದರು. ತಮಾಷೆಗೇ ಅನ್ನಿ. ಆದರೆ ಮೂಲ ಹುಡುಕುತ್ತಾ ಹೋದರೆ ದಾರಿ ಗಡಿ ದಾಟಿ ಮೆಕ್ಸಿಕೋದ ಉತ್ತರ ಭಾಗಕ್ಕೇ ಹೋಗುತ್ತದೆ. ದನಗಾಹಿಗಳ ಸೀಮೆ ಅದು. ಕೆಂಡದ ಮೇಲೆ ಸುಟ್ಟ ಮಾಂಸಕ್ಕೆ ಅಲ್ಲಿ ಕಾರ್ನೆ ಅಸಾದಾ ಅನ್ನುತ್ತಾರೆ. ಒಣಗಿಸಿ ಕುಟ್ಟಿದ ಮಾಂಸಕ್ಕೆ ಮಚಾಕಾ ಅನ್ನುತ್ತಾರೆ, ಅದಕ್ಕೆ ಮೊಟ್ಟೆ ಒಡೆದು ಹಾಕಿದರೆ ಅಲ್ಲಿನ ಬೆಳಗಿನ ತಿಂಡಿ. ನಾವು ಇವತ್ತು ಮಾಡುವುದು ಈ ಎರಡರ ನಡುವಿನದು.

ಬೀಫ್ ತಿನ್ನದವರಿಗೂ ಬೀಫ್ ಸಿಗದ ಕಡೆ ಇರುವವರಿಗೂ ಬದಲಿ ಏನು ಅಂತ ಕೊನೆಯ ಹತ್ತಿರ ಬರೆದಿದ್ದೇನೆ. ಅಲ್ಲಿಗೆ ಹೋಗುವ ಮೊದಲು ಟೋರ್ಟಿಯಾ ಮತ್ತು ಸಾಲ್ಸಾ ಭಾಗ ಓದಿಕೊಳ್ಳಿ. ಅವು ಎಲ್ಲರಿಗೂ ಒಂದೇ.

ಏನೇನು ಬೇಕು

ನಾಲ್ಕು ಜನಕ್ಕೆ, ತಲೆಗೆ ಎರಡರಂತೆ ಎಂಟು ಟಾಕೋ ಲೆಕ್ಕ.

ಸ್ಕರ್ಟ್ ಸ್ಟೇಕ್ 700 ಗ್ರಾಂ (ಇಲ್ಲಿನ ಲೆಕ್ಕದಲ್ಲಿ ಒಂದೂವರೆ ಪೌಂಡ್)
ಮೊಟ್ಟೆ 6
ಮಾಸಾ ಹರೀನಾ (ಟೋರ್ಟಿಯಾ ಮಾಡುವ ಮೆಕ್ಕೆಜೋಳದ ಹಿಟ್ಟು) 2 ಕಪ್, ಇಲ್ಲವೇ ಅಂಗಡಿಯ ಸಣ್ಣ ಕಾರ್ನ್ ಟೋರ್ಟಿಯಾ 16
ಹಣ್ಣಾದ ಟೊಮೆಟೊ 4, ದೊಡ್ಡ ಈರುಳ್ಳಿ 1, ಬೆಳ್ಳುಳ್ಳಿ 6 ಎಸಳು
ಹಾಲಪೆನ್ಯೊ 2, ಅಥವಾ ನಮ್ಮ ಹಸಿಮೆಣಸಿನಕಾಯಿ 3
ನಿಂಬೆಹಣ್ಣು 3, ಕೊತ್ತಂಬರಿ ಸೊಪ್ಪು ಒಂದು ಕಟ್ಟು
ಜೀರಿಗೆ ಅರ್ಧ ಟೀ ಚಮಚ, ಕಾಳುಮೆಣಸು, ಉಪ್ಪು, ಎಣ್ಣೆ, ಒಂದು ದೊಡ್ಡ ಚಮಚ ಬೆಣ್ಣೆ

ಸಾಮಾನಿನಲ್ಲಿ ಮುಖ್ಯವಾದವು ಮೂರು. ಹರಿತವಾದ ಚಾಕು, ಉದ್ದನೆಯ ಇಕ್ಕಳ, ದಪ್ಪ ತಳದ ಕಾವಲಿ. ಮೆಕ್ಸಿಕೋದವರು ಕೊಮಾಲ್ ಅನ್ನುವುದು ನಮ್ಮ ರೊಟ್ಟಿ ಹಂಚಿನ ಅಣ್ಣತಮ್ಮನೇ. ಅದಕ್ಕಾಗಿ ಬೇರೆ ಖರ್ಚು ಬೇಡ. ಆ ದುಡ್ಡಿಗೆ ಮಾಂಸದೊಳಗೆ ಚುಚ್ಚಿ ನೋಡುವ ಥರ್ಮಾಮೀಟರ್ ತಗೊಳ್ಳಿ.

1. ಮಾಂಸ ಆರಿಸುವುದು

ಅರ್ಧ ಕೆಲಸ ಅಂಗಡಿಯಲ್ಲೇ ಮುಗಿಯುತ್ತದೆ ಅಥವಾ ಅಲ್ಲೇ ಕೆಡುತ್ತದೆ. ನಿಮಗೆ ಬೇಕಾದದ್ದು ಸ್ಕರ್ಟ್. ದನದ ಎದೆ-ಹೊಟ್ಟೆಯ ಸಂದಿನಿಂದ ಬರುವ ತೆಳ್ಳಗಿನ, ಉದ್ದನೆಯ ಪಟ್ಟಿ. ಸ್ಪ್ಯಾನಿಷ್‌ನಲ್ಲಿ ಸೊಂಟಪಟ್ಟಿಗೆ ಫಾಹಾ ಅನ್ನುತ್ತಾರೆ. ಮಾಂಸದ ಈ ಪಟ್ಟಿ ಚಿಕ್ಕ ಬೆಲ್ಟ್ ತರಹ ಕಾಣುವುದರಿಂದ ಫಹೀತಾ. ಹೋಟೆಲಿನಲ್ಲಿ ಚುಂಯ್ ಅಂತ ಹೊಗೆ ಎಬ್ಬಿಸಿಕೊಂಡು ಬರುವ ಫಹೀತಾ ತಟ್ಟೆಗೆ ಆ ಹೆಸರು ಬಂದದ್ದು ಹೀಗೆ, ಮಾಂಸದ ತುಂಡಿನಿಂದ. ಚಿಕನ್ ಫಹೀತಾ ಅಂದಾಗ ಇಲ್ಲಿನ ಹಳಬರು ಮುಖ ಸಿಂಡರಿಸುವುದೂ ಅದಕ್ಕೇ.

ಮೆಕ್ಸಿಕನ್ ಮಾಂಸದಂಗಡಿಗೆ ಹೋದರೆ ಅರ್ರಾಚೆರಾ ಅಂತ ಕೇಳಿ. ಬೋರ್ಡಿನಲ್ಲಿ ಪ್ರೆಪರಾದಾ ಅಂತ ಬರೆದಿದ್ದರೆ ಅವರೇ ಮಸಾಲೆ ಹಚ್ಚಿ ಇಟ್ಟಿದ್ದಾರೆ ಅಂತ ಅರ್ಥ. ಅದರಲ್ಲಿ ಉಪ್ಪು ಆಗಲೇ ಇರುತ್ತದೆ, ಮೇಲೆ ನೀವೂ ಹಾಕಿದರೆ ಬಾಯಿಗಿಡಲು ಆಗುವುದಿಲ್ಲ. ಮೊದಲ ಸಲ ಮಾಡುವವರು ಏನೂ ಹಚ್ಚದ್ದನ್ನೇ ತಗೊಳ್ಳಿ.

ಸ್ಕರ್ಟ್ ಒಂದು ಕಾಲದಲ್ಲಿ ಅಗ್ಗದ ಮಾಂಸ. ಈಗ ಬೆಲೆ ಏರಿದೆ. ಸಿಗದಿದ್ದರೆ ಫ್ಲ್ಯಾಂಕ್ ಅಥವಾ ಫ್ಲ್ಯಾಪ್ ನಡೆಯುತ್ತದೆ. ಫ್ಲ್ಯಾಂಕ್ ಸ್ವಲ್ಪ ದಪ್ಪ, ಕೊಬ್ಬು ಕಡಿಮೆ. ರಿಬ್‌ಐ ತರಹದ ದುಬಾರಿ ಸ್ಟೇಕ್ ತಂದು ಟಾಕೋಗೆ ಕೊಚ್ಚಿ ಹಾಕುವುದು ದಂಡ. "ಸ್ಟ್ಯೂ ಮೀಟ್" ಅಂತ ಚೌಕ ಚೌಕ ಕತ್ತರಿಸಿ ಇಟ್ಟಿರುವುದನ್ನಂತೂ ಮುಟ್ಟಬೇಡಿ. ಅದು ಎರಡು ಗಂಟೆ ಕುದಿಯಬೇಕಾದ ಮಾಂಸ, ನೀವು ಬೇಯಿಸುವುದು ಆರು ನಿಮಿಷ. ರಬ್ಬರಿನ ಕಥೆ ಬಹಳ ಸಲ ಶುರುವಾಗುವುದು ಇಲ್ಲಿಂದಲೇ.

ಮನೆಗೆ ತಂದ ಮೇಲೆ ಒಂದು ಬದಿಯಲ್ಲಿ ಬಿಳಿಚಿದ ತೆಳ್ಳನೆಯ ಪೊರೆ ಇದೆಯಾ ನೋಡಿ. ಇದ್ದರೆ ತುದಿಯನ್ನು ಚಾಕುವಿನಿಂದ ಎಬ್ಬಿಸಿ, ಪೇಪರ್ ಟವಲ್‌ನಲ್ಲಿ ಹಿಡಿದು ಎಳೆಯಿರಿ. ಬರಿಗೈಯಲ್ಲಿ ಹಿಡಿದರೆ ಜಾರುತ್ತದೆ. ಈ ಪೊರೆ ಎಷ್ಟು ಸುಟ್ಟರೂ ಮೆತ್ತಗಾಗುವುದಿಲ್ಲ. ಕೊಬ್ಬನ್ನು ಪೂರ್ತಿ ತೆಗೆಯಬೇಡಿ, ರುಚಿ ಇರುವುದೇ ಅಲ್ಲಿ.

2. ಉಪ್ಪು ಮೊದಲು, ನಿಂಬೆ ಆಮೇಲೆ

ನಮ್ಮ ಕೈ ತಡೆಯಬೇಕಾದ ಜಾಗ ಇದು. ಮಾಂಸ ಅಂದ ಕೂಡಲೇ ಮಸಾಲೆ ಡಬ್ಬ ಹೊರಬರುತ್ತದೆ, ಅಲ್ವಾ? ಇಲ್ಲಿ ಬೇಕಾದದ್ದು ಉಪ್ಪು, ಜಜ್ಜಿದ ಬೆಳ್ಳುಳ್ಳಿ ಮೂರು ಎಸಳು, ಹುರಿದು ಪುಡಿ ಮಾಡಿದ ಜೀರಿಗೆ ಅರ್ಧ ಚಮಚ, ಕಾಳುಮೆಣಸು. ಅಷ್ಟೇ. ಪುಡಿ ಮಸಾಲೆ ಜಾಸ್ತಿಯಾದರೆ ಕೆಂಡದ ಬಿಸಿಗೆ ಅದೇ ಮೊದಲು ಕರಕಲಾಗಿ ಕಹಿ ಬರುತ್ತದೆ.

700 ಗ್ರಾಂ ಮಾಂಸಕ್ಕೆ ಒಂದು ಟೀ ಚಮಚಕ್ಕಿಂತ ತುಸು ಜಾಸ್ತಿ ಪುಡಿ ಉಪ್ಪು. ಯಾವಾಗ ಹಾಕುತ್ತೀರಿ ಅನ್ನುವುದು ಮುಖ್ಯ. ಉಪ್ಪು ಬಿದ್ದ ಹತ್ತು ನಿಮಿಷಕ್ಕೆ ಮಾಂಸ ನೀರು ಬಿಡಲು ಶುರು ಮಾಡುತ್ತದೆ. ಮೇಲೆಲ್ಲ ಬೆವರಿನ ಹಾಗೆ ಹನಿ. ಮುಕ್ಕಾಲು ಗಂಟೆ ಬಿಟ್ಟರೆ ಆ ಉಪ್ಪುನೀರನ್ನು ಮಾಂಸ ತಾನೇ ಮತ್ತೆ ಹೀರಿಕೊಳ್ಳುತ್ತದೆ. ಹಾಗಾಗಿ ಒಂದೋ ಗ್ರಿಲ್‌ಗೆ ಹಾಕುವ ಕ್ಷಣದಲ್ಲಿ ಉಪ್ಪು ಹಾಕಿ, ಇಲ್ಲವೇ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮೊದಲು ಹಾಕಿ ಫ್ರಿಜ್‌ನಲ್ಲಿ ಮುಚ್ಚದೆ ಇಡಿ. ನಡುವಿನ ಇಪ್ಪತ್ತು ನಿಮಿಷ ಬಹಳ ಕೆಟ್ಟ ಹೊತ್ತು.

ನಿಂಬೆರಸದ ವಿಷಯ. ರಾತ್ರಿಯಿಡೀ ನಿಂಬೆರಸದಲ್ಲಿ ನೆನೆಸಿಡಿ ಅಂತ ಹೇಳುವವರಿದ್ದಾರೆ. ಬೇಡ. ತೆಳ್ಳಗಿನ ಈ ಮಾಂಸ ಅಷ್ಟು ಹೊತ್ತು ಹುಳಿಯಲ್ಲಿದ್ದರೆ ಮೇಲ್ಭಾಗ ಹಿಟ್ಟಿಟ್ಟಾಗಿ ಬಿಡುತ್ತದೆ. ನಾನು ಮೊದಲ ಸಲ ಹಾಗೇ ಮಾಡಿದ್ದೆ. ಸಾಲದ್ದಕ್ಕೆ ರಸ ತೊಟ್ಟಿಕ್ಕುತ್ತಿದ್ದ ಮಾಂಸವನ್ನು ನೇರ ಗ್ರಿಲ್‌ಗೆ ಹಾಕಿದೆ. ಸುಡಲೇ ಇಲ್ಲ, ಬೂದು ಬಣ್ಣಕ್ಕೆ ತಿರುಗಿ ಬೆಂದುಹೋಯಿತು. ನಿಂಬೆ ಹಚ್ಚಲೇಬೇಕು ಅನ್ನಿಸಿದರೆ ಅರ್ಧ ಹಣ್ಣಿನ ರಸ, ಅರ್ಧ ಗಂಟೆ ಮೊದಲು. ನಾನೀಗ ಸುಟ್ಟ ಮೇಲೇ ಹಿಂಡುತ್ತೇನೆ.

ಅಮೆರಿಕದ ಅಂಗಡಿಗಳಲ್ಲಿ ರಾಶಿ ಹಾಕಿರುವ ದೊಡ್ಡ, ಬೀಜವಿಲ್ಲದ ಹಸಿರು ನಿಂಬೆ ಬೇರೆ ಜಾತಿ. ಕೀ ಲೈಮ್ ಅಥವಾ ಮೆಕ್ಸಿಕನ್ ಲೈಮ್ ಅಂತ ಸಣ್ಣ ಚೀಲದಲ್ಲಿ ಮಾರುವುದೇ ಊರಿನ ನಮ್ಮ ನಿಂಬೆಹಣ್ಣು. ಟಾಕೋಗೂ ಅದೇ ಚೆನ್ನ. ಮನೆಯ ಉಪ್ಪಿನಕಾಯಿಗೂ ಆಯ್ತು.

3. ಸಾಲ್ಸಾ

ಸಾಲ್ಸಾ ಅಂದರೆ ಸಾಸ್, ಅಷ್ಟೇ. ನಮ್ಮ ಕಣ್ಣಿಗೆ ಅದು ಸುಟ್ಟ ಟೊಮೆಟೊ ಚಟ್ನಿ. ಒಗ್ಗರಣೆ ಇಲ್ಲದ್ದು.

ಒಣ ಕಾವಲಿಯನ್ನು ಚೆನ್ನಾಗಿ ಕಾಯಿಸಿ. ಇಡೀ ಟೊಮೆಟೊ, ಮೆಣಸಿನಕಾಯಿ, ಸಿಪ್ಪೆ ಸಮೇತ ಬೆಳ್ಳುಳ್ಳಿ ಮೂರು ಎಸಳು, ಈರುಳ್ಳಿಯ ಕಾಲು ಭಾಗ ಅದರ ಮೇಲಿಡಿ. ಎಣ್ಣೆ ಬೇಡ. ಆಗಾಗ ಹೊರಳಿಸುತ್ತಾ ಹತ್ತು-ಹನ್ನೆರಡು ನಿಮಿಷ. ಟೊಮೆಟೊ ಸಿಪ್ಪೆ ಕಪ್ಪಾಗಿ ಬಿರಿಯಬೇಕು, ಒಳಗೆ ಮೆತ್ತಗಾಗಬೇಕು. ಬೆಳ್ಳುಳ್ಳಿ ಬೇಗ ಆಗುತ್ತದೆ, ಮೊದಲೇ ತೆಗೆಯಿರಿ. ಕಪ್ಪು ಕಲೆಗಳನ್ನು ತೊಳೆಯಬೇಡಿ. ಆ ಸುಟ್ಟ ವಾಸನೆಗಾಗಿಯೇ ಇಷ್ಟೆಲ್ಲ ಮಾಡಿದ್ದು.

ಒರಳಿದ್ದರೆ ಬೆಳ್ಳುಳ್ಳಿ, ಮೆಣಸು, ಉಪ್ಪು ಮೊದಲು ಅರೆದು, ಆಮೇಲೆ ಟೊಮೆಟೊ ಹಾಕಿ ಜಜ್ಜಿ. ಮಿಕ್ಸಿಯಾದರೆ ಎರಡು-ಮೂರು ಸಲ ಟಕ್ ಟಕ್ ಅಂತ ತಿರುಗಿಸಿ ನಿಲ್ಲಿಸಿ. ಸುಮ್ನೆ ಓಡಲು ಬಿಟ್ಟರೆ ನೊರೆ ಬಂದು ಬಣ್ಣ ಕಿತ್ತಳೆಯಾಗುತ್ತದೆ. ಬಿಸಿ ಟೊಮೆಟೊ ತುಂಬಿದ ಜಾರಿನ ಮುಚ್ಚಳ ಬಿಗಿಯಾಗಿ ಹಾಕಿ ತಿರುಗಿಸಿದರೆ ಹಬೆಗೆ ಮುಚ್ಚಳ ಹಾರಿ ಗೋಡೆಗೆಲ್ಲ ಚಿಮ್ಮುತ್ತದೆ. ಆರಲು ಬಿಡಿ.

ಒಣಮೆಣಸಿನಕಾಯಿಯ ಸಾಲ್ಸಾ ಬೇಕೆನ್ನುವವರಿಗೆ ಒಂದು ಮಾತು. ಮೆಕ್ಸಿಕೋದ ಗ್ವಹೀಯೋ ಮೆಣಸು ಬಣ್ಣಕ್ಕೆ, ಆರ್ಬೋಲ್ ಖಾರಕ್ಕೆ. ಬ್ಯಾಡಗಿಯನ್ನೂ ಗುಂಟೂರನ್ನೂ ಜೊತೆಗೆ ಹಾಕಿ ಅಭ್ಯಾಸ ಇರುವ ನಮಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

4. ಟೋರ್ಟಿಯಾ

ಹೆಚ್ಚು ಜನ ಸೋಲುವುದು ಇಲ್ಲಿ, ಅದೂ ಹಿಟ್ಟು ತರುವಾಗಲೇ. ಹೆಸರುಗಳೇ ದಾರಿ ತಪ್ಪಿಸುತ್ತವೆ.

ಊರಿನಲ್ಲಿ ಕಾರ್ನ್‌ಫ್ಲೋರ್ ಅಂತ ಸಿಗುವ ನುಣ್ಣನೆಯ ಬಿಳಿ ಪುಡಿ ಬರೀ ಪಿಷ್ಟ. ಗೋಬಿ ಮಂಚೂರಿಗೆ ಹಾಕುವಂಥದ್ದು. ಅದರಲ್ಲಿ ಟೋರ್ಟಿಯಾ ಆಗುವುದಿಲ್ಲ. ಗಿರಣಿಯಲ್ಲಿ ಬೀಸಿದ ಮೆಕ್ಕೆಜೋಳದ ಹಿಟ್ಟಿನಿಂದ ಬಿಸಿನೀರು ಹಾಕಿ ರೊಟ್ಟಿ ತಟ್ಟಬಹುದು, ಆದರೆ ಅದು ಮಡಚಿದರೆ ಮುರಿಯುತ್ತದೆ. ನಿಮಗೆ ಬೇಕಾದ್ದು ಮಾಸಾ ಹರೀನಾ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿ ನೆನೆಸಿ, ತೊಳೆದು, ರುಬ್ಬಿ, ಒಣಗಿಸಿದ ಹಿಟ್ಟು. ಹೌದು, ಎಲೆಅಡಿಕೆಗೆ ಹಚ್ಚುವ ಅದೇ ಜಾತಿಯ ಸುಣ್ಣ. ಹೀಗೆ ಸುಣ್ಣದಲ್ಲಿ ಬೆಂದ ಮೆಕ್ಕೆಜೋಳಕ್ಕೆ ಅಲ್ಲಿ ನಿಶ್ತಮಾಲ್ ಅನ್ನುತ್ತಾರೆ. ಸುಣ್ಣ ಕಾಳಿನ ಸಿಪ್ಪೆ ಬಿಡಿಸುತ್ತದೆ, ಹಿಟ್ಟಿಗೆ ಜಿಗುಟು ಕೊಡುತ್ತದೆ, ಟೋರ್ಟಿಯಾಕ್ಕೆ ಅದರದೇ ಆದ ವಾಸನೆ ತರುತ್ತದೆ. ಇನ್ನೊಂದು ಉಪಕಾರವೂ ಇದೆ. ಮೆಕ್ಕೆಜೋಳದೊಳಗೆ ಸಿಕ್ಕಿಹಾಕಿಕೊಂಡಿರುವ ನಯಾಸಿನ್ ಅನ್ನುವ ಬಿ ವಿಟಮಿನ್ ಸುಣ್ಣದಿಂದ ಬಿಡುಗಡೆಯಾಗಿ ಮೈಗೆ ಹತ್ತುತ್ತದೆ. ಯುರೋಪಿನವರು ಮೆಕ್ಕೆಜೋಳ ಒಯ್ದರು, ಸುಣ್ಣದ ವಿದ್ಯೆ ಬಿಟ್ಟು ಹೋದರು. ಅದನ್ನೇ ತಿಂದು ಬದುಕಿದ ಬಡವರಿಗೆ ಈ ವಿಟಮಿನ್ ಸಾಲದೆ ಪೆಲಾಗ್ರಾ ರೋಗ ಬಂತು.

ಎರಡು ಕಪ್ ಮಾಸಾ ಹರೀನಾ, ಅರ್ಧ ಚಮಚ ಉಪ್ಪು, ಒಂದೂವರೆ ಕಪ್ ಬೆಚ್ಚಗಿನ ನೀರು. ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಹಿಟ್ಟು ಈ ಹೊತ್ತಿನಲ್ಲಿ ನೀರು ಕುಡಿಯುತ್ತದೆ. ಆಮೇಲೆ ಒಂದು ಉಂಡೆ ಮಾಡಿ ಅಂಗೈಯಲ್ಲಿ ಒತ್ತಿ ನೋಡಿ. ಅಂಚು ಬಿರಿದರೆ ನೀರು ಸಾಲದು. ಕೈಗೆ ಅಂಟಿದರೆ ಜಾಸ್ತಿಯಾಗಿದೆ. ಜೋಳದ ರೊಟ್ಟಿ ತಟ್ಟಿದ ಕೈಗೆ ಇದು ಒಂದೇ ಸಲಕ್ಕೆ ಗೊತ್ತಾಗುತ್ತದೆ.

ಹದಿನಾರು ಉಂಡೆ ಮಾಡಿ. ಜಿಪ್ ಇರುವ ಪ್ಲಾಸ್ಟಿಕ್ ಚೀಲದ ಎರಡು ಬದಿ ಕತ್ತರಿಸಿ ಪುಸ್ತಕದ ಹಾಗೆ ಬಿಡಿಸಿ, ನಡುವೆ ಉಂಡೆ ಇಟ್ಟು, ಚಪ್ಪಟೆ ತಳದ ಭಾರವಾದ ಪಾತ್ರೆಯಿಂದ ಒತ್ತಿ. ಅಗಲ ಅಂಗೈಗಿಂತ ಸ್ವಲ್ಪ ದೊಡ್ಡದು, ಸುಮಾರು 13 ಸೆಂಟಿಮೀಟರ್. ಒತ್ತುವ ಮಣೆ ಇದ್ದರೆ ಸರಿ, ಇಲ್ಲದಿದ್ದರೆ ಪರವಾಗಿಲ್ಲ.

ಚೆನ್ನಾಗಿ ಕಾದ ಹಂಚಿನ ಮೇಲೆ ಹಾಕಿ ಇಪ್ಪತ್ತು-ಮೂವತ್ತು ಸೆಕೆಂಡಿಗೆ ಅಂಚು ಒಣಗಿ ತಾನೇ ಏಳುತ್ತದೆ. ತಿರುವಿ. ಈ ಬದಿಗೆ ಒಂದು ನಿಮಿಷ, ಕಂದು ಚುಕ್ಕೆ ಬರಬೇಕು. ಮತ್ತೆ ತಿರುವಿ, ನಡುವೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಹಿಟ್ಟು ಹದವಾಗಿದ್ದರೆ ನೋಡುತ್ತಿದ್ದಂತೆ ಒಂದು ಮೂಲೆಯಲ್ಲಿ ಗುಳ್ಳೆ ಎದ್ದು, ಅದು ಹರಡಿ ಇಡೀ ಟೋರ್ಟಿಯಾ ಉಬ್ಬುತ್ತದೆ. ತೆಗೆದು ದಪ್ಪ ಬಟ್ಟೆಯಲ್ಲಿ ಸುತ್ತಿಡಿ.

ಈ ಸುತ್ತಿಡುವುದನ್ನು ಬಿಡುವವರೇ "ಹರಿದುಹೋಯ್ತು" ಅಂತ ಬರೆಯುವುದು. ಹಂಚಿನಿಂದ ಇಳಿದ ಟೋರ್ಟಿಯಾ ಗಟ್ಟಿಯಾಗಿಯೇ ಇರುತ್ತದೆ. ಬಟ್ಟೆಯೊಳಗೆ ಒಂದರ ಮೇಲೊಂದು ಕೂತು, ತನ್ನದೇ ಹಬೆಯಲ್ಲಿ ಹತ್ತು ನಿಮಿಷ ಬೆವರಿದ ಮೇಲೆ ಮೆತ್ತಗಾಗುತ್ತದೆ. ಅಂಗಡಿಯದಕ್ಕೂ ಇದೇ ನಿಯಮ. ಪ್ಯಾಕೆಟ್ಟಿನಿಂದ ನೇರವಾಗಿ ತಟ್ಟೆಗೆ ಬೇಡ. ಹಂಚಿನ ಮೇಲೆ ಎರಡೂ ಬದಿ ಬಿಸಿ ಮಾಡಿ, ಬಟ್ಟೆಯಲ್ಲಿ ಸುತ್ತಿ.

ಉತ್ತರ ಮೆಕ್ಸಿಕೋದಲ್ಲಿ, ಅದರಲ್ಲೂ ಸೊನೋರಾದಲ್ಲಿ, ಗೋಧಿ ಹಿಟ್ಟಿನ ಟೋರ್ಟಿಯಾವೇ ರೂಢಿ. ಆಸ್ಟಿನ್‌ನ ಬೆಳಗಿನ ಟಾಕೋ ಕೂಡ ಬಹುತೇಕ ಅದರಲ್ಲೇ. ಮೈದಾ, ಕೊಬ್ಬು, ಉಪ್ಪು, ಬಿಸಿನೀರು. ಚಪಾತಿ ಇಟ್ಟರೆ ಆಗಲ್ವಾ ಅಂತ ಕೇಳುತ್ತೀರಿ. ಆಗುತ್ತದೆ, ಹೊಟ್ಟೆ ತುಂಬುತ್ತದೆ. ಆದರೆ ರೋಲ್ ಆಗುತ್ತದೆ, ಟಾಕೋ ಆಗುವುದಿಲ್ಲ.

5. ಬೆಂಕಿ

ಮೊದಲೇ ಹೇಳಿಬಿಡುತ್ತೇನೆ. ಇದ್ದಿಲಿನ ಗ್ರಿಲ್ಲನ್ನು ಮನೆಯೊಳಗೆ, ಗ್ಯಾರೇಜಿನಲ್ಲಿ, ಮುಚ್ಚಿದ ಬಾಲ್ಕನಿಯಲ್ಲಿ ಹಚ್ಚಬೇಡಿ. ಕಿಟಕಿ ತೆಗೆದಿದ್ದರೂ ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಜೀವ ತೆಗೆಯುತ್ತದೆ. ಅಪಾರ್ಟ್‌ಮೆಂಟಿನವರು ನಿಮ್ಮ ಕಟ್ಟಡದ ನಿಯಮವನ್ನೂ ಕೇಳಿಕೊಳ್ಳಿ. ಬಾಲ್ಕನಿಯಲ್ಲಿ ಇದ್ದಿಲು ಹಚ್ಚಲು ಬಹಳ ಕಡೆ ಬಿಡುವುದಿಲ್ಲ.

ಹಿತ್ತಲಿದ್ದರೆ ಮೆಸ್ಕೀಟ್ ಮರದ ಇದ್ದಿಲು ತನ್ನಿ. ಟೆಕ್ಸಸ್ ಮತ್ತು ಉತ್ತರ ಮೆಕ್ಸಿಕೋದ ಸುಟ್ಟ ಮಾಂಸದ ವಾಸನೆ ಅಂದರೆ ಈ ಮರದ ಹೊಗೆ. ಬಳ್ಳಾರಿ, ರಾಯಚೂರು ಕಡೆಯವರಿಗೆ ಈ ಮರದ ದಾಯಾದಿಯ ಪರಿಚಯ ಚೆನ್ನಾಗಿಯೇ ಇದೆ. ರಸ್ತೆ ಬದಿ, ಕೆರೆ ಅಂಗಳ ಎಲ್ಲ ನುಂಗಿಕೊಂಡು ನಿಂತಿರುವ ಬಳ್ಳಾರಿ ಜಾಲಿ! ಹೆಸರು ಬಳ್ಳಾರಿಯದಾದರೂ ಅದರ ತವರು ಮೆಕ್ಸಿಕೋ ಕಡೆಯೇ. ಅದರ ಇದ್ದಿಲೂ ಜೋರಾಗಿ ಕಾಯುತ್ತದೆ.

ಇದ್ದಿಲು ಹಚ್ಚಿ ಇಪ್ಪತ್ತು-ಇಪ್ಪತ್ತೈದು ನಿಮಿಷಕ್ಕೆ ಕಪ್ಪು ಹೋಗಿ ಮೇಲೆ ಬೂದಿ ಕೂರುತ್ತದೆ. ಅಲ್ಲಿಯವರೆಗೆ ಕಾಯಿರಿ, ಜ್ವಾಲೆ ಏಳುತ್ತಿರುವಾಗ ಮಾಂಸ ಹಾಕಿದರೆ ಮಸಿ ಹಿಡಿಯುತ್ತದೆ. ಕೆಂಡವನ್ನೆಲ್ಲ ಒಂದೇ ಬದಿಗೆ ಒತ್ತರಿಸಿ. ಇನ್ನೊಂದು ಬದಿ ಖಾಲಿ ಇರಲಿ. ಕೊಬ್ಬು ತೊಟ್ಟಿಕ್ಕಿ ಬೆಂಕಿ ಭಗ್ಗೆಂದರೆ ಮಾಂಸ ಸರಿಸಲು ಜಾಗ ಬೇಕಲ್ಲ. ಬಿಸಿ ನೋಡುವುದು ಹೀಗೆ: ಕಂಬಿಯಿಂದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರದಲ್ಲಿ ಅಂಗೈ ಹಿಡಿಯಿರಿ. ಎರಡು ಎಣಿಸುವಷ್ಟರಲ್ಲಿ ಕೈ ತೆಗೆಯಲೇಬೇಕು ಅನ್ನಿಸಿದರೆ ಸರಿಯಾದ ಬಿಸಿ.

ಗ್ರಿಲ್ ಇಲ್ಲದವರು ಬೀಡಿನ ಕಾವಲಿಯನ್ನು ಐದು ನಿಮಿಷ ಜೋರು ಉರಿಯಲ್ಲಿ ಕಾಯಿಸಿ. ಕಿಟಕಿ ತೆಗೆಯಿರಿ, ಎಕ್ಸಾಸ್ಟ್ ಫ್ಯಾನ್ ಹಾಕಿ. ನಾನ್‌ಸ್ಟಿಕ್ ಬೇಡ, ಅದು ಇಷ್ಟು ಬಿಸಿಗೆ ಮಾಡಿದ್ದಲ್ಲ.

6. ಸುಡುವುದು

ಮಾಂಸವನ್ನು ಪೇಪರ್ ಟವಲ್‌ನಿಂದ ಒತ್ತಿ ಒತ್ತಿ ಒಣಗಿಸಿ. ಬೆಳ್ಳುಳ್ಳಿ ಚೂರು ಅಂಟಿದ್ದರೆ ಒರೆಸಿ. ಮೇಲೆ ನೀರಿರುವ ತನಕ ಬೆಂಕಿಯ ಶಕ್ತಿಯೆಲ್ಲ ಅದನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಬಿಸಿ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ, ಆ ರುಚಿ ಬರಲು ಅದಕ್ಕಿಂತ ತುಂಬಾ ಜಾಸ್ತಿ ಬಿಸಿ ಬೇಕು. ಮಾಂಸಕ್ಕೆ ತೆಳ್ಳಗೆ ಎಣ್ಣೆ ಸವರಿ ಕೆಂಡದ ನೇರ ಮೇಲೆ ಹಾಕಿ.

ಒಂದು ಬದಿ ಎರಡೂವರೆಯಿಂದ ಮೂರು ನಿಮಿಷ. ಆಗಾಗ ಎತ್ತಿ ನೋಡಬೇಡಿ, ಚಮಚದಿಂದ ಒತ್ತಬೇಡಿ. ಸರಿಯಾಗಿ ಸುಟ್ಟ ಮಾಂಸ ಕಂಬಿಯಿಂದ ತಾನೇ ಬಿಡುತ್ತದೆ. ತಿರುವಿ ಇನ್ನೆರಡು-ಮೂರು ನಿಮಿಷ. ಥರ್ಮಾಮೀಟರನ್ನು ಮೇಲಿನಿಂದಲ್ಲ, ಪಕ್ಕದಿಂದ ಚುಚ್ಚಿ. ತೆಳ್ಳಗಿನ ಮಾಂಸದಲ್ಲಿ ಮೇಲಿನಿಂದ ಚುಚ್ಚಿದರೆ ಕೆಳಗಿನ ಬೆಂಕಿಯ ಬಿಸಿಯನ್ನೇ ತೋರಿಸುತ್ತದೆ.

ಇಡೀ ತುಂಡಿನ ಬೀಫ್‌ಗೆ ಅಮೆರಿಕದ ಕೃಷಿ ಇಲಾಖೆ ಹೇಳುವುದು 63 ಡಿಗ್ರಿ ಸೆಲ್ಸಿಯಸ್, ಅಂದರೆ 145 ಫ್ಯಾರನ್‌ಹೀಟ್, ಮತ್ತೆ ಮೂರು ನಿಮಿಷ ಬಿಡುವುದು. ಇಲ್ಲಿನ ಬಹಳ ಜನ 54ರಿಂದ 57ಕ್ಕೇ ತೆಗೆಯುತ್ತಾರೆ, ನಡುವೆ ಕೆಂಪಾಗಿ ರಸ ಇರುತ್ತದೆ. ಗರ್ಭಿಣಿಯರು, ಮಕ್ಕಳು, ವಯಸ್ಸಾದವರು ತಿನ್ನುವುದಾದರೆ ವಾದ ಬೇಡ, 63 ಮುಟ್ಟುವ ತನಕ ಬೇಯಿಸಿ. ಸೂಜಿ ಚುಚ್ಚಿ ಮೆತ್ತಗೆ ಮಾಡಿದ ಮಾಂಸ ಅಂತ ಪ್ಯಾಕೆಟ್ಟಿನ ಮೇಲಿದ್ದರೂ ಅಷ್ಟೇ, ಮೇಲಿನ ಕ್ರಿಮಿ ಸೂಜಿಯ ಜೊತೆ ಒಳಗೆ ಹೋಗಿರಬಹುದು. ಸ್ಕರ್ಟ್‌ಗೆ ಒಂದು ಒಳ್ಳೆಯ ಗುಣವಿದೆ. ಕೊಬ್ಬು ಎಳೆಎಳೆಯಲ್ಲಿ ಇರುವುದರಿಂದ 63ರಲ್ಲೂ ಮೆತ್ತಗೇ ಇರುತ್ತದೆ. ಪೂರ್ತಿ ಬೇಯದ ಮಾಂಸ ಕಂಡರೆ ಆಗದ ನಮ್ಮವರಿಗೆ ಇದೇ ಸರಿಯಾದ ತುಂಡು.

7. ಮಾಂಸ ಆರಲಿ, ಮೊಟ್ಟೆ ಏಳಲಿ

ಮಾಂಸವನ್ನು ಹಲಗೆಯ ಮೇಲಿಟ್ಟು ಎಂಟು ನಿಮಿಷ ಮುಟ್ಟಬೇಡಿ. ಬಿಸಿಬಿಸಿಯಲ್ಲೇ ಕತ್ತರಿಸಿದರೆ ರಸವೆಲ್ಲ ಹಲಗೆಗೆ. ಈ ಎಂಟು ನಿಮಿಷವೇ ನಿಮ್ಮ ಮೊಟ್ಟೆಯ ಹೊತ್ತು. ಮೊದಲೇ ಮೊಟ್ಟೆ ಮಾಡಿಟ್ಟರೆ ಮಾಂಸ ಆಗುವಷ್ಟರಲ್ಲಿ ಅದು ತಣ್ಣಗಾಗಿ ನೀರು ಬಿಟ್ಟಿರುತ್ತದೆ.

ಇದು ಎಗ್ ಬುರ್ಜಿ ಅಲ್ಲ. ಈರುಳ್ಳಿ, ಟೊಮೆಟೊ ಬೇಡ. ಟೊಮೆಟೊ ಸಾಲ್ಸಾದಲ್ಲಿ ಇದೆ, ಮೊಟ್ಟೆಗೂ ಹಾಕಿದರೆ ಒದ್ದೆಮುದ್ದೆಯಾಗುವುದು ಖಂಡಿತ. ಆರು ಮೊಟ್ಟೆಗೆ ಅರ್ಧ ಚಮಚ ಉಪ್ಪು ಹಾಕಿ, ಬಿಳಿ-ಹಳದಿ ಗೆರೆ ಕಾಣದ ಹಾಗೆ ಕಲಕಿ. ಬಾಣಲೆಯಲ್ಲಿ ಬೆಣ್ಣೆ ಕರಗಿ ನೊರೆ ಬಂದಾಗ ಸುರಿಯಿರಿ. ಉರಿ ಮಧ್ಯಮಕ್ಕಿಂತ ಕಡಿಮೆ. ಚಪ್ಪಟೆ ಸೌಟಿನಿಂದ ಅಂಚಿನಿಂದ ನಡುವಿಗೆ ತಳ್ಳುತ್ತಾ ಇರಿ. ದೊಡ್ಡ ಮೆತ್ತನೆಯ ಮಡಿಕೆಗಳು ಬರುತ್ತವೆ. ಸುರಿದರೆ ಹರಿಯುವಂಥ ಹಸಿ ಹೋಗಿ, ಮೇಲೆ ಸ್ವಲ್ಪ ಹೊಳಪು ಉಳಿದಿರುವಾಗ ಒಲೆ ಆರಿಸಿ. ಬಾಣಲೆಯ ಬಿಸಿಗೇ ಉಳಿದದ್ದು ಆಗುತ್ತದೆ. ಮಕ್ಕಳಿಗೆ, ಗರ್ಭಿಣಿಯರಿಗೆ ಆ ಹೊಳಪೂ ಹೋಗುವ ತನಕ ಬೇಯಿಸಿ, 71 ಡಿಗ್ರಿ. ಅದಕ್ಕಿಂತ ಮುಂದೆ ಹುರಿಯುತ್ತಾ ಹೋದರೆ ಮೊಟ್ಟೆ ಬಿಗಿದುಕೊಂಡು ತನ್ನೊಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ. ಬಾಣಲೆಯ ತಳದಲ್ಲಿ ನೀವು ನೋಡುವ ನೀರು ಅದೇ.

8. ಎಳೆಗೆ ಅಡ್ಡಲಾಗಿ ಕತ್ತರಿಸುವುದು

ಈ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಮಾಂಸವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬಾಚಿದ ಕೂದಲಿನ ಹಾಗೆ ಸಾಲುಸಾಲು ಗೆರೆ ಕಾಣುತ್ತವೆ. ಅವೇ ಎಳೆಗಳು. ಸ್ಕರ್ಟ್‌ನಲ್ಲಿ ಇವು ಪಟ್ಟಿಯ ಉದ್ದಕ್ಕೆ ಓಡುವುದಿಲ್ಲ, ಅಗಲಕ್ಕೆ ಓಡುತ್ತವೆ. ಎಲ್ಲರೂ ಎಡವುವುದು ಇಲ್ಲೇ. ಉದ್ದನೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ಬೀನ್ಸ್ ಹೆಚ್ಚಿದ ಹಾಗೆ ಅಡ್ಡಡ್ಡ ಕತ್ತರಿಸಿಕೊಂಡು ಹೋಗುತ್ತಾರೆ. ಕಣ್ಣಿಗೆ ಅಡ್ಡ ಅನ್ನಿಸಿದರೂ ಚಾಕು ಎಳೆಯ ಜೊತೆಗೇ ಓಡಿರುತ್ತದೆ. ಪ್ರತಿ ತುಂಡಿನಲ್ಲೂ ಉದ್ದುದ್ದ ಎಳೆ ಇಡಿಯಾಗಿ ಉಳಿಯುತ್ತದೆ. ಅದನ್ನು ಕಡಿದು ತುಂಡರಿಸುವ ಕೆಲಸ ನಿಮ್ಮ ಹಲ್ಲಿಗೆ ಬೀಳುತ್ತದೆ.

ಹೀಗೆ ಮಾಡಿ. ಮೊದಲು ಪಟ್ಟಿಯನ್ನು ಎಂಟು-ಹತ್ತು ಸೆಂಟಿಮೀಟರಿನ ತುಂಡುಗಳಾಗಿ ಮಾಡಿ. ಪ್ರತಿ ತುಂಡನ್ನೂ ಹಲಗೆಯ ಮೇಲೆ ಕಾಲು ಸುತ್ತು ತಿರುಗಿಸಿ. ಈಗ ಗೆರೆಗಳು ನಿಮ್ಮ ಎಡದಿಂದ ಬಲಕ್ಕೆ ಓಡುತ್ತಿರಬೇಕು, ಚಾಕು ಅವುಗಳನ್ನು ಕಡಿಯುತ್ತಾ ಇಳಿಯಬೇಕು. ಅರ್ಧ ಸೆಂಟಿಮೀಟರಿನ ತೆಳು ಹೋಳು. ಒಂದು ಹೋಳನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಬ್ರೆಡ್ಡಿನ ಹಾಗೆ ಸಲೀಸಾಗಿ ಬಿಟ್ಟುಕೊಂಡರೆ ಸರಿಯಾಗಿದೆ. ಹಗ್ಗದ ಹಾಗೆ ಜಗ್ಗಿದರೆ ದಿಕ್ಕು ತಪ್ಪಿದೆ, ತುಂಡು ತಿರುಗಿಸಿ. ಫ್ಲ್ಯಾಂಕ್ ತಂದವರಿಗೆ ಲೆಕ್ಕ ಉಲ್ಟಾ, ಅದರಲ್ಲಿ ಎಳೆ ಉದ್ದಕ್ಕೇ ಇರುತ್ತದೆ.

ಹೋಳುಗಳನ್ನು ಮತ್ತೆ ಒಂದು ಸೆಂಟಿಮೀಟರ್ ಚೌಕಕ್ಕೆ ಕೊಚ್ಚಿ. ಉದ್ದ ಬಿಟ್ಟರೆ ಮೊದಲ ತುತ್ತಿಗೇ ಇಡೀ ಮಾಂಸ ಎಳೆದು ಬಂದು ಕೈಯಲ್ಲಿ ಖಾಲಿ ಟೋರ್ಟಿಯಾ ಉಳಿಯುತ್ತದೆ. ಹಲಗೆಯ ಮೇಲಿನ ರಸವನ್ನೂ ಮಾಂಸಕ್ಕೆ ಬೆರೆಸಿ, ಅರ್ಧ ನಿಂಬೆ ಹಿಂಡಿ.

9. ಕಟ್ಟುವುದು

ಸಣ್ಣ ಟೋರ್ಟಿಯಾ ಎರಡು, ಒಂದರ ಮೇಲೊಂದು. ಮೊದಲು ಮೊಟ್ಟೆ, ಮೇಲೆ ಮಾಂಸ, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ, ಕೊತ್ತಂಬರಿ, ಒಂದು ಚಮಚ ಸಾಲ್ಸಾ. ತುಂಬಿ ತುಳುಕಿಸಬೇಡಿ, ಮಡಚಿದಾಗ ಅಂಚಿಗೆ ಅಂಚು ಸೇರಬೇಕು. ಎಲ್ಲ ಕಟ್ಟಿ ಸಾಲಾಗಿ ಜೋಡಿಸಿ ಫೋಟೋ ತೆಗೆಯುವಷ್ಟರಲ್ಲಿ ತಳ ನೆನೆದಿರುತ್ತದೆ. ದೋಸೆಯ ಹಾಗೇ ಇದು, ಆದದ್ದು ಆದ ಹಾಗೆ ಬಡಿಸಬೇಕು. ಎಲ್ಲವನ್ನೂ ಬಟ್ಟಲಲ್ಲಿಟ್ಟು ಅವರವರೇ ಕಟ್ಟಿಕೊಳ್ಳಲಿ ಅಂತ ಬಿಟ್ಟರೆ ಮಾಡಿದವರಿಗೂ ಬಿಸಿ ಟಾಕೋ ಸಿಗುತ್ತದೆ.

ಬೀಫ್ ಬೇಡದವರಿಗೆ

ಕರ್ನಾಟಕದಲ್ಲಿ 2020ರ ಕಾಯ್ದೆಯ ಪ್ರಕಾರ ಹಸು, ಎತ್ತು ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆಗೆ ಮಾತ್ರ ಅವಕಾಶ. ಅಷ್ಟು ವಯಸ್ಸಾದ ಮಾಂಸ ಕುಕ್ಕರಿಗೆ ಸರಿ, ಆರು ನಿಮಿಷದ ಗ್ರಿಲ್‌ಗೆ ಅಲ್ಲ. ಊರಿನಲ್ಲಿ ಮಾಡುವವರು ಚರ್ಮ, ಮೂಳೆ ತೆಗೆದ ಕೋಳಿ ತೊಡೆ ತಗೊಳ್ಳಿ. ಎದೆಯ ಮಾಂಸ ಬೇಡ, ಒಣಗುತ್ತದೆ. ಇದೇ ಮಸಾಲೆ, ಇದೇ ಕೆಂಡ, ಒಂದೊಂದು ಬದಿ ಐದಾರು ನಿಮಿಷ. ಆದರೆ 74 ಡಿಗ್ರಿ ಮುಟ್ಟಲೇಬೇಕು, ಕೋಳಿಯಲ್ಲಿ ಕೆಂಪು ಬಿಡುವ ಮಾತಿಲ್ಲ.

ಮಾಂಸವೇ ಬೇಡವೆಂದರೆ ಪನೀರ್. ಇದು ನಮ್ಮ ಸಮಾಧಾನಕ್ಕೆ ಹೇಳಿದ್ದಲ್ಲ. ಮೆಕ್ಸಿಕೋದಲ್ಲಿ ಪನೇಲಾ ಅನ್ನುವ ಚೀಸ್ ಇದೆ. ಸುಟ್ಟರೂ ಕರಗುವುದಿಲ್ಲ, ಅದನ್ನು ದಪ್ಪ ಹೋಳು ಮಾಡಿ ಕೊಮಾಲ್ ಮೇಲೆ ಸುಟ್ಟು ತಿನ್ನುತ್ತಾರೆ. ಪನೀರನ್ನೂ ಒಂದು ಬೆರಳು ದಪ್ಪ ಕತ್ತರಿಸಿ, ಎಣ್ಣೆ-ಉಪ್ಪು-ಜೀರಿಗೆ ಸವರಿ, ಕಂದು ಬರುವಂತೆ ಸುಡಿ.

ಉಳಿದರೆ

ಮಾಂಸ, ಮೊಟ್ಟೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿರಬಾರದು. ಮಾಂಸ ಫ್ರಿಜ್‌ನಲ್ಲಿ ಮೂರು-ನಾಲ್ಕು ದಿನ ಇರುತ್ತದೆ. ಮೊಟ್ಟೆ ಅವತ್ತೇ ಮುಗಿಸಿ, ಮತ್ತೆ ಬಿಸಿ ಮಾಡಿದರೆ ಚೆನ್ನಾಗಿರುವುದಿಲ್ಲ. ಉಳಿದ ಟೋರ್ಟಿಯಾ ಎಸೆಯಬೇಡಿ. ಮರುದಿನ ನಾಲ್ಕು ತುಂಡು ಮಾಡಿ, ಎಣ್ಣೆಯಲ್ಲಿ ಗರಿಗರಿಯಾಗಿ ಹುರಿದು, ಉಳಿದ ಸಾಲ್ಸಾವನ್ನು ಬಾಣಲೆಯಲ್ಲಿ ಕುದಿಸಿ ಅದಕ್ಕೆ ಹಾಕಿ ಒಂದು ನಿಮಿಷ ಹೊರಳಿಸಿ. ಮೇಲೆ ಉಳಿದ ಮಾಂಸ, ಒಂದು ಹೊಸ ಮೊಟ್ಟೆ. ಇದಕ್ಕೆ ಅಲ್ಲಿ ಚಿಲಾಕಿಲೆಸ್ ಅನ್ನುತ್ತಾರೆ. ನಮ್ಮಲ್ಲಿ ನಿನ್ನೆಯ ಇಡ್ಲಿ ಪುಡಿ ಮಾಡಿ ಉಪ್ಪಿಟ್ಟು ಮಾಡುತ್ತೇವಲ್ಲ, ಹಾಗೆ.